ಒಂದು ಕುಲಾವಿ, ಮೂರು ಗಿರಾಕಿ

ಮೊನ್ನೆ ಮಂಗಳವಾರ ಬೆಳಗ್ಗೆ ನಾನು ಒಂದೇ ಕುಲಾವಿಯನ್ನು ಮೂವರಿಗೆ ಮಾರಿದೆ.

ಮೋಸ ಮಾಡುವ ಉದ್ದೇಶ ಖಂಡಿತ ಇರಲಿಲ್ಲ. ನನ್ನ ಪಾಡಿಗೆ ನಾನು ಉಪ್ಪಿಟ್ಟು ಮಾಡುತ್ತಿದ್ದೆ.

ಈ ಅಂಕಣಕ್ಕೆ ಹೊಸಬರಾದವರಿಗೆ ಹೇಳಿಬಿಡುತ್ತೇನೆ. ಬರೆಯುವುದರ ಜೊತೆಗೆ ನಾನೊಬ್ಬ ವ್ಯಾಪಾರಸ್ಥೆಯೂ ಹೌದು. ಗುಬ್ಬಿಯ ಸರೋಜಕ್ಕ ಹಳೆಯ ರೇಷ್ಮೆ ಸೀರೆ ಕತ್ತರಿಸಿ, ಒಳಗೆ ಮೆತ್ತನೆಯ ಹತ್ತಿ ಬಟ್ಟೆ ಕೊಟ್ಟು, ಎಳೆ ಮಕ್ಕಳಿಗೆ ಕುಲಾವಿ ಹೊಲಿಯುತ್ತಾರೆ. ಉಪ್ಪಾರಹಳ್ಳಿಯ ನಮ್ಮ ಮನೆಯಿಂದ ನಾನು ಅದನ್ನು ಮಾರುತ್ತೇನೆ. ಎರಡು ಶಾಪಿಂಗ್ ಆ್ಯಪ್, ಒಂದು ರೀಲ್ಸ್ ಪೇಜ್, ಜೊತೆಗೆ ನನ್ನ ಫೋನಿನ ಸ್ಟೇಟಸ್. ಒಟ್ಟು ನಾಲ್ಕು ಅಂಗಡಿ! ಒಂದು ಅಂಗಡಿ ಇಟ್ಟವರೇ ತುಮಕೂರಿನಲ್ಲಿ ಎಷ್ಟು ಠೀವಿಯಿಂದ ಓಡಾಡುತ್ತಾರೆ. ನಾಲ್ಕು ಇಟ್ಟವಳ ಗತ್ತು ಹೇಗಿರಬೇಡ?

ನಮ್ಮ ಗೋಡೌನ್ ಎಂದರೆ ಅತ್ತೆಯ ಮಂಚದ ಕೆಳಗಿನ ಟ್ರಂಕು. ಸ್ಟಾಕ್ ರಿಜಿಸ್ಟರ್ ಎಂದರೆ ಅತ್ತೆಯ ನೋಟ್‌ಬುಕ್ಕು. ಅವರದೊಂದು ನಿಯಮವಿದೆ. ಟ್ರಂಕು ಬರಿದಾಗಕೂಡದು. ಅಕ್ಕಿ ಡಬ್ಬದಲ್ಲೂ ಕೊನೆಯ ಹಿಡಿ ಉಳಿಸಿಯೇ ಹೊಸ ಅಕ್ಕಿ ಸುರಿಯುವವರು ಅವರು. ಹಾಗಾಗಿ ಮುಂದಿನ ಮಾಲು ಬರುವವರೆಗೆ ಕೊನೆಯ ಕುಲಾವಿ ಟ್ರಂಕು ಬಿಟ್ಟು ಕದಲುವುದಿಲ್ಲ. ನೋಟ್‌ಬುಕ್ಕಿನಲ್ಲಿ ಅವರು ಸೊನ್ನೆ ಬರೆದದ್ದೇ ಇಲ್ಲ. (ಹತ್ತು, ಇಪ್ಪತ್ತು ಬರೆಯುವಾಗ ವಿನಾಯಿತಿ ಇದೆ.)

ಈ ಸಲ ಕೆಂಪು ರೇಷ್ಮೆಗೆ ಹಸಿರು ಅಂಚಿನ ಆರು ಕುಲಾವಿ ಬಂದವು. ಐದು ಹೋದವು. ಸೋಮವಾರ ಸಂಜೆ ಕೇಳಿದೆ.

"ಅತ್ತೆ, ಕೆಂಪು ಎಷ್ಟಿದೆ?"

"ಒಂದೈತೆ."

ಅದು ಕದಲದ ಒಂದು ಎನ್ನುವುದನ್ನು ಮರೆತೇಬಿಟ್ಟೆ. ಪುಸ್ತಕದಲ್ಲಿ ಒಂದು ಇದೆ ತಾನೇ? ನಾಲ್ಕೂ ಅಂಗಡಿಗೆ ಹೋಗಿ ಒಂದು, ಒಂದು, ಒಂದು, ಒಂದು ಎಂದು ಹಾಕಿದೆ. ಎಲ್ಲ ಕಡೆ ಲೆಕ್ಕ ತಾಳೆಯಾಯಿತು ಎಂದು ಬೆನ್ನು ತಟ್ಟಿಕೊಂಡು ಮಲಗಿದೆ.

ಬೆಳಗ್ಗೆ ಏಳೂಕಾಲಿಗೆ ಫೋನ್ ಬಂತು. ಸ್ಟೇಟಸ್ ನೋಡಿದ ಕುಣಿಗಲ್‌ನ ಗಂಗಮ್ಮ.

"ಭಾನುವಾರ ಮೊಮ್ಮಗೂನ ತೊಟ್ಲಿಗೆ ಹಾಕ್ತೀವಿ ಕಣಮ್ಮ. ಮಗಳಿಗೆ ಮದ್ವೆಯಾಗಿ ಎಂಟು ವರ್ಷಕ್ಕೆ ಹುಟ್ಟಿರೋದು. ಆ ಕೆಂಪು ಕುಲಾವಿ ನಮ್ಗೇ ಇರ್ಲಿ."

"ನಿಮ್ಗೇ" ಎಂದೆ.

ಉಪ್ಪಿಟ್ಟಿಗೆ ನೀರು ಹಾಕುವಷ್ಟರಲ್ಲಿ ಒಂದು ಆ್ಯಪ್ ಟಿಂಗ್ ಎಂದಿತು. ತಟ್ಟೆಗೆ ಬಡಿಸುವಷ್ಟರಲ್ಲಿ ಇನ್ನೊಂದು. ಎರಡೂ ಅದೇ ಕೆಂಪು ಕುಲಾವಿಗೆ. (ರೀಲ್ಸ್ ಪೇಜಿನವರು ಲೈಕ್ ಒತ್ತಿ ಸುಮ್ಮನಾದರು. ಅವರಿಗೆ ನನ್ನ ಸಾಷ್ಟಾಂಗ ನಮಸ್ಕಾರ.)

ಗುಬ್ಬಿಗೆ ಫೋನ್ ಮಾಡಿದೆ. "ಸರೋಜಕ್ಕ, ಅಂಥದ್ದೇ ಇನ್ನೆರಡು ಅರ್ಜೆಂಟಾಗಿ ಹೊಲಿದು ಕೊಡ್ತೀರಾ?"

"ಆ ಸೀರೆ ಮುಗೀತು ಕಣಮ್ಮ. ಆ ಅಂಚು ಇನ್ನೆಲ್ಲಿಂದ ತರ್ಲಿ? ಅದಿರ್ಲಿ, ಭಾನುವಾರ ಬರ್ತೀಯ ತಾನೇ? ಒಬ್ಬಟ್ಟು ಮಾಡ್ತೀನಿ."

"ಬರ್ದೇ ಇರ್ತೀನಾ ಸರೋಜಕ್ಕ!"

ಇನ್ನು ತೀರ್ಮಾನ ನನ್ನದೇ. ಕುಲಾವಿ ಯಾರಿಗೆ? ಮೊದಲ ಆ್ಯಪ್‌ನಲ್ಲಿ ಈ ತಿಂಗಳು ಆಗಲೇ ಎರಡು ಆರ್ಡರ್ ಕ್ಯಾನ್ಸಲ್ ಮಾಡಿದ್ದೆ. ಇನ್ನೊಂದು ಮಾಡಿದರೆ ಅಂಗಡಿಯನ್ನೇ ಮುಚ್ಚುತ್ತೇವೆ ಎಂದು ಅವರು ಎಚ್ಚರಿಕೆ ಕೊಟ್ಟಿದ್ದರು. ಸರಿ, ಕುಲಾವಿ ಅವರಿಗೆ. ಎರಡನೇ ಆ್ಯಪ್‌ನದು ಕ್ಯಾನ್ಸಲ್. ಗಂಗಮ್ಮನಿಗೆ ಒಂದು "ಸಾರಿ" ಹೇಳಿದರಾಯಿತು. ವ್ಯಾಪಾರ ಎಂದರೆ ಇಷ್ಟು ಚುರುಕಾಗಿರಬೇಕು, ಅಲ್ಲವೇ? ಹೇಗಾದರೂ ಮಾಡಿ ಅತ್ತೆಯನ್ನು ಒಪ್ಪಿಸಿ ಟ್ರಂಕು ತೆಗೆಸುವುದೊಂದೇ ಬಾಕಿ.

ಉಪ್ಪಿಟ್ಟು ತಿನ್ನುತ್ತಲೇ, ಸ್ಪೀಕರ್ ಹಾಕಿಕೊಂಡು ಕುಣಿಗಲ್‌ಗೆ ಫೋನ್ ಮಾಡಿ ವಿಷಯ ಹೇಳಿದೆ.

"ಹೋಗ್ಲಿ ಬುಡಮ್ಮ, ಪರ್ವಾಗಿಲ್ಲ. ಮಗಳಿಗೆ ಫೋಟೋ ತೋರಿಸ್ಬುಟ್ಟಿದ್ದೆ, ಅಷ್ಟೇಯ. ಪೇಟೇಲಿ ಯಾವ್ದಾದ್ರೂ ತತ್ತೀವಿ."

ಬೈದಿದ್ದರೆ ಎಷ್ಟೋ ನಿರಾಳವಾಗುತ್ತಿತ್ತು. ಆ 'ಪರ್ವಾಗಿಲ್ಲ' ಕೇಳಿದ ಮೇಲೆ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿದೆ.

ಹಾಲ್‌ನಲ್ಲಿ ಹೂ ಕಟ್ಟುತ್ತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಮೊದ್ಲು ಕೇಳ್ದೋರು ಯಾರು?"

"ಅವ್ರೇ. ಆದ್ರೆ ಆ್ಯಪ್‌ನೋರು ಅಂಗಡಿ ಮುಚ್ಚಿಸ್ತಾರೆ ಅತ್ತೆ."

"ಅಂಗಾರೆ ಹೆದರ್ಸೋರ್ಗೆ ಮಾಲು, ಬುಡಮ್ಮ ಅನ್ನೋರ್ಗೆ ಸಾರಿನಾ?"

ನನಗೆ ನಾಚಿಕೆಯಾಯಿತು. ಸುತ್ತುಬಳಸಿ ಹೇಳುವುದಿಲ್ಲ, ನಾಚಿಕೆಯೇ ಆಯಿತು.

ಯೋಚಿಸಿ ನೋಡಿ, ಇದು ಬರೀ ಕುಲಾವಿಯ ಕಥೆಯೇ? ಸಾಹೇಬರ ಮಗಳ ರಿಸೆಪ್ಶನ್‌ಗೆ ಜ್ವರವಿದ್ದರೂ ಹೋಗುತ್ತೇವೆ. ಅದೇ ಸಂಜೆ ಬರುತ್ತೇನೆಂದು ಮಾತು ಕೊಟ್ಟಿದ್ದ ಗೆಳತಿಗೆ "ನೀನಾದ್ರೆ ಅರ್ಥ ಮಾಡ್ಕೋತೀಯ" ಎನ್ನುತ್ತೇವೆ. ಅರ್ಥ ಮಾಡಿಕೊಳ್ಳುವವರಿಗೆ ನಾವು ಕೊಡುವ ಬಹುಮಾನ ಇದು! ಒಂದು ಸ್ಟಾರ್ ಕಡಿಮೆ ಕೊಟ್ಟಾರು ಎಂದು ಮುಖ ಕಾಣದವರಿಗೆ ಹೆದರುತ್ತೇವೆ. ಸ್ಟಾರ್ ಕೊಡಲು ಬರದವರಿಗೆ ಕೈ ಕೊಡುತ್ತೇವೆ.

ಎರಡೂ ಆ್ಯಪ್‌ನ ಆರ್ಡರ್ ಕ್ಯಾನ್ಸಲ್ ಮಾಡಿದೆ. ಒಬ್ಬರು ಖಾರವಾಗಿ ಮೆಸೇಜ್ ಹಾಕಿದರು. ಹಾಕಲಿ, ತಪ್ಪು ನನ್ನದು. ಮೊದಲ ಆ್ಯಪ್‌ನವರು ಹೇಳಿದಂತೆಯೇ ನನ್ನ ಅಂಗಡಿಗೆ ಒಂದು ವಾರ ಬಾಗಿಲು ಹಾಕಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಸಂಜೆ ಯಜಮಾನರ ಮುಂದೆ ಪ್ರವರ ಒಪ್ಪಿಸಿದೆ. ಅವರು ಇಲ್ಲೇ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವರು. ಬೋಲ್ಟು, ನಟ್ಟುಗಳ ಜೊತೆ ಕೂದಲು ಉದುರಿಸಿಕೊಂಡವರು.

"ನಾಲ್ಕ್ ಕಡೆ ನಾಲ್ಕ್ ಲೆಕ್ಕ ಇಡಬೇಡ ಕಣೇ. ಲೆಕ್ಕ ಒಂದೇ ಕಡೆ ಇರ್ಲಿ. ಒಂದು ಹೋದ್ರೆ ತಕ್ಷಣ ನಾಲ್ಕೂ ಕಡೆ ಕಳಿ. ಕೊನೇದನ್ನಂತೂ ಎಲ್ಲೂ ತೋರಿಸ್ಬೇಡ. ನಮ್ಮಲ್ಲಿ ಅದಕ್ಕೆ ಸೇಫ್ಟಿ ಸ್ಟಾಕ್ ಅಂತಾರೆ."

"ಅದನ್ನೇ ತಾನೇ ನಾನು ಟ್ರಂಕಲ್ಲಿ ಇಟ್ಕೊಂಡು ಕೂತಿರೋದು?" ಅತ್ತೆ ಹೂವಿನಿಂದ ತಲೆ ಎತ್ತಲಿಲ್ಲ.

ಈಗ ನಮ್ಮ ವ್ಯಾಪಾರ ಹಾಗೇ ನಡೆದಿದೆ. ಒಂದೇ ಶೀಟು. ಟ್ರಂಕಿನಲ್ಲಿ ಆರಿದ್ದರೆ ಅಂಗಡಿಗಳಲ್ಲಿ ಐದು. ಐದು ಮುಗಿದರೆ ನಾಲ್ಕೂ ಕಡೆ "ಸ್ಟಾಕ್ ಇಲ್ಲ". ಕಲಿಯುವುದರಲ್ಲಿ ನಾನು ಚುರುಕು, ಆ ಮಾತು ಬೇರೆ.

ಆದರೆ ಗಂಗಮ್ಮನಿಗೆ ಕೊಡಲು ಕೊನೆಯದು ಹೊರಬರಲೇಬೇಕಿತ್ತಲ್ಲ? ಅಂದು ಸಂಜೆ ಅತ್ತೆಯೇ ಟ್ರಂಕು ತೆಗೆದು, ಕೆಂಪು ಕುಲಾವಿಗೆ ಅರಿಶಿನ ಕುಂಕುಮ ಮುಟ್ಟಿಸಿ ನನ್ನ ಕೈಗಿಟ್ಟರು. ಆಮೇಲೆ ಬೀರುವಿನಿಂದ ಬಣ್ಣ ಹೋದ ಇನ್ನೊಂದು ಕುಲಾವಿ ತಂದು ಟ್ರಂಕಿನೊಳಗೆ ಇಟ್ಟರು. ಯಜಮಾನರು ಕೂಸಾಗಿದ್ದಾಗ ಹಾಕಿಕೊಂಡದ್ದು! (ಈಗ ಅವರಿಗೆ ಅದರ ಅಗತ್ಯ ಹೆಚ್ಚಿದೆ, ಆದರೆ ಹಿಡಿಸುವುದಿಲ್ಲ.) ನೋಟ್‌ಬುಕ್ಕಿನಲ್ಲಿ "1" ಬರೆದರು.

ಗಂಗಮ್ಮನಿಗೆ ಫೋನ್ ಮಾಡಿ, ಕುಲಾವಿ ನಿಮಗೇ, ನಾಳೆಯೇ ಕೊರಿಯರ್ ಮಾಡುತ್ತೇನೆ ಎಂದೆ. ಸ್ಪೀಕರ್ ಹಾಕದಿದ್ದರೂ ಅವರ ಸಂತೋಷ ಮನೆಯೆಲ್ಲ ಕೇಳಿಸಿತು.

"ಕೊರಿಯರ್ ಯಾಕಮ್ಮ? ಭಾನುವಾರ ನೀವೇ ತಗೊಂಡು ಬನ್ನಿ, ನಿಮ್ಮತ್ತೇನೂ ಕರ್ಕೊಂಡು. ನಿಮ್ ಕೈಯಾರೆ ಮಗೂಗೆ ಹಾಕಿ, ಊಟ ಮಾಡ್ಕೊಂಡೇ ಹೋಗೋರಂತೆ."

ನನಗೆ ಕಣ್ಣು ತುಂಬಿ ಬಂತು. "ಖಂಡಿತ ಬರ್ತೀವಿ!" ಎಂದು ಫೋನ್ ಇಟ್ಟೆ.

ಅತ್ತೆ ನೋಟ್‌ಬುಕ್ಕು ಮುಚ್ಚಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಗುಬ್ಬಿ ಸರೋಜಂಗೂ ಇದೇ ಭಾನುವಾರನೇ ಅಲ್ವೇನೇ ನೀನು ಮಾರಿದ್ದು?"