ಬೆಲೆ ಬಿದ್ದ ಕಾಲದಲ್ಲಿ ಪೋಶವ್ವ ಕೊಂಡ ಮನೆ

ಹೈದರಾಬಾದಿನ ವನಸ್ಥಲಿಪುರದಲ್ಲಿ, ಸಂಜೆಯಾದರೆ ಸಾಕು, ನಮ್ಮ ಕಾಲೊನಿಯ ತಿರುವಿನಲ್ಲಿ ಪೋಶವ್ವನ ಒಲೆ ಹೊತ್ತಿಕೊಳ್ಳುತ್ತಿತ್ತು. ಜೋಳದ ರೊಟ್ಟಿ ತಟ್ಟಿ ಮಾರುವುದು ಅವಳ ಕಸುಬು. ರಾತ್ರಿ ಅನ್ನ ಬಿಡಿ ಎಂದು ಡಾಕ್ಟರರಿಂದ ಹೇಳಿಸಿಕೊಂಡು ಬಂದ ಅರ್ಧ ಕಾಲೊನಿಯೇ ಅವಳ ಗಿರಾಕಿ. ಅವರಲ್ಲಿ ನಾನೂ ಒಬ್ಬಳು. ಅವಳು ನಲ್ಗೊಂಡ ಕಡೆಯ ಹಳ್ಳಿಯವಳು. ಮಾತು ಸ್ವಲ್ಪ ಒರಟು, ಕೈ ಧಾರಾಳ. ಗಂಡ ಐಲಯ್ಯ ಆಟೋ ಓಡಿಸುತ್ತಿದ್ದ.

ಹೈದರಾಬಾದಿಗೆ ಬಂದಾಗಿನಿಂದ ಅವರು ಬಾಡಿಗೆ ಕೋಣೆಗಳಲ್ಲೇ ಇದ್ದವರು. ಬೆಳಗ್ಗೆಯೂ ಹೋಟೆಲಿನವರಿಗೆಂದು ಪೋಶವ್ವ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಆ ಸದ್ದಿಗೆ ಮೇಲಿನವರು ಕೂಗುವರು, ಪಕ್ಕದವರು ಗೋಡೆ ಗುದ್ದುವರು, ಕೊನೆಗೆ ಮಾಲೀಕರು ಖಾಲಿ ಮಾಡಿ ಎನ್ನುವರು. ಹೀಗೆ ಕೋಣೆ ಬದಲಿಸಿ ಬದಲಿಸಿ ಅವಳಿಗೆ ಸಾಕಾಗಿ ಹೋಗಿತ್ತು. ತೌರಿನ ಹೊಲದ ಮೇಲೆ ಹೆದ್ದಾರಿ ಹಾದುಹೋದಾಗ ಅಣ್ಣಂದಿರು ಪರಿಹಾರದ ಹಣದಲ್ಲಿ ತಂಗಿಯ ಪಾಲನ್ನು ಮರೆಯದೆ ಕೊಟ್ಟಿದ್ದರು. ಆ ಹಣ ಬ್ಯಾಂಕಿನಲ್ಲಿತ್ತು. ಆದರೆ ಅವಳು ನೋಡಿದ ಮನೆಗಳ ಬೆಲೆ ಪ್ರತಿ ಯುಗಾದಿಗೂ ಅವಳಿಗಿಂತ ಒಂದು ಹೆಜ್ಜೆ ಮುಂದೆಯೇ ಓಡುತ್ತಿತ್ತು.

ಆಗ ಬಂತು ಪ್ರತ್ಯೇಕ ರಾಜ್ಯದ ಚಳವಳಿಯ ಕಾಲ. ಇವತ್ತು ಬಂದ್, ನಾಳೆ ರಸ್ತೆ ತಡೆ. ರಾಜ್ಯ ಎರಡಾದರೆ ಗುಂಟೂರು, ಕೃಷ್ಣಾದಂಥ ಕರಾವಳಿ ಜಿಲ್ಲೆಗಳಿಂದ ಬಂದು ನೆಲೆಸಿದವರ ಗತಿಯೇನು ಎಂಬ ಮಾತು ಹಾಲಿನಂಗಡಿಯಿಂದ ಮದುವೆ ಛತ್ರದವರೆಗೆ ಹಬ್ಬಿತು. ಕೊಳ್ಳುವವರು ಹಿಂಜರಿದರು. ಅರ್ಧ ಕಟ್ಟಿದ ಅಪಾರ್ಟ್‌ಮೆಂಟುಗಳ ಕಂಬಿಗಳು ಹಾಗೇ ತುಕ್ಕು ಹಿಡಿದವು. ಗೇಟುಗಳಿಗೆ 'ಮನೆ ಮಾರಾಟಕ್ಕಿದೆ' ಎಂಬ ಹಲಗೆಗಳು ನೇತುಬಿದ್ದವು. ಬ್ರೋಕರುಗಳು ಮಧ್ಯಾಹ್ನವೆಲ್ಲ ಕೇರಂ ಆಡಿಕೊಂಡು ಕೂತರು.

ಪೋಶವ್ವ ಚಳವಳಿಯ ಮೆರವಣಿಗೆಗಳಲ್ಲಿ ಗಂಟಲು ಹರಿಯುವಂತೆ ಕೂಗಿದವಳು. ಮೆರವಣಿಗೆ ಮುಗಿಸಿ ಬಂದು ಗುಂಟೂರಿನವರಿಗೂ ರೊಟ್ಟಿ ತಟ್ಟಿ ಕೊಟ್ಟವಳು. ಎರಡೂ ಒಟ್ಟಿಗೆ ಹೇಗೆ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಅವಳ ಗಿರಾಕಿಗಳಲ್ಲಿ ಗುಂಟೂರು ಕಡೆಯ ತೆನಾಲಿಯ ಕೋಟೇಶ್ವರರಾವ್ ಒಬ್ಬರು. ಬೀಜದ ಕಂಪನಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಒಂದು ಸಂಜೆ ರೊಟ್ಟಿ ಕಟ್ಟಿಸಿಕೊಳ್ಳುತ್ತಾ ಅವರೇ ಹೇಳಿದರು, "ಇನ್ನು ನಿನ್ನ ರೊಟ್ಟಿ ಋಣ ತೀರಿತು ಪೋಶಮ್ಮಾ. ಮನೆ ಮಾರಿ ಊರಿಗೆ ಹೊರಟಿದ್ದೀವಿ."

ಪೋಶವ್ವ ಹಿಟ್ಟಿನ ಕೈಯಲ್ಲೇ ಕೇಳಿದಳು, "ಯಾರರ ಏನರ ಅಂದ್ರೇನು ಸಾರ್? ಹೆಸರು ಹೇಳ್ರಿ, ನಾ ಹೋಗಿ ಕೇಳ್ತೀನಿ."

"ಯಾರೂ ಏನೂ ಅಂದಿಲ್ಲ ಕಣಮ್ಮ. ನನಗೇ ನಿದ್ದೆ ಬರ್ತಿಲ್ಲ."

ಮರುದಿನ ಐಲಯ್ಯನನ್ನು ಎಳೆದುಕೊಂಡು ಅವಳು ಆ ಮನೆ ನೋಡಲು ಹೋದಳು. ಎರಡು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಕಾಂಪೌಂಡಿಗೆ ಒರಗಿದ ಮಲ್ಲಿಗೆ ಬಳ್ಳಿ. ರಾಯರ ಹೆಂಡತಿ ಭ್ರಮರಾಂಬ ಮನೆ ತೋರಿಸುತ್ತಾ ಒಂದೊಂದು ಗೋಡೆಯನ್ನೂ ಸೆರಗಿನಿಂದ ಒರೆಸುತ್ತಿದ್ದರು. "ಈ ಕಿಟಕಿ ಮಳೆಗಾಲದಲ್ಲಿ ಸ್ವಲ್ಪ ಬಿಗಿಯಾಗುತ್ತೆ, ಜೋರಾಗಿ ಎಳೀಬೇಡಿ," ಎಂದರು. ಬಳಿಕ ತಮ್ಮ ಮಾತಿಗೆ ತಾವೇ ನಾಚಿದವರಂತೆ, "ಇನ್ನು ನಿಮ್ಮ ಮನೆ, ನಿಮ್ಮಿಷ್ಟ," ಎಂದು ಸೇರಿಸಿದರು.

ಅಂಗಳಕ್ಕೆ ಬಂದಾಗ ಐಲಯ್ಯ ಹೆಂಡತಿಯ ಕಿವಿಯಲ್ಲಿ ಉಸುರಿದ, "ಓಡಿಹೋಗೋ ಮಂದಿ ಅದ. ಇನ್ನೂ ಜಗ್ಗು. ಎಷ್ಟಕ್ಕಾದ್ರೂ ಕೊಟ್ಟು ಹೋಗ್ತಾರ."

"ನೀ ಆಟೋಕ್ಕ ಮೀಟರ್ ಮ್ಯಾಲ ಕೇಳಿದಂಗಲ್ಲ ಇದು. ಸುಮ್ಮನಿರಯ್ಯಾ."

"ಬೆಲಿ ಬಿದ್ದದ. ಈಗಲ್ದ ಮತ್ತ್ಯಾವಾಗ ಜಗ್ಗತಿ?"

"ಬೆಲಿ ಬಿದ್ದದ ಅಂತನ ನಾವು ಈ ಅಂಗಳದಾಗ ನಿಂತೀವಿ. ಇಲ್ಲಂದ್ರ ಗೇಟಿನ ಹೊರಗ ನಿಂತು ನೋಡ್ತಿದ್ವಿ. ಅಷ್ಟು ಸಾಲದೇನು? ಬಿದ್ದವರ ಕೊಳ್ಳಾಗಿಂದೂ ಕಿತ್ಕೋಬೇಕೇನು?"

ಆ ದಿನ ರಾಯರ ಪರವಾಗಿ ಬ್ರೋಕರು ಹೇಳಿದ ಬೆಲೆಯೇ ಎರಡು ವರ್ಷದ ಹಿಂದಿನ ಬೆಲೆಯ ಅರ್ಧಕ್ಕೆ ಹತ್ತಿರವಿತ್ತು. ಪೋಶವ್ವ ಅದನ್ನು ಒಪ್ಪಿದಳು. ರಾಯರಿಗೆ ಚೌಕಾಸಿಯ ಭಯವಿತ್ತೋ ಏನೋ, ಒಂದೇ ಮಾತಿಗೆ ವ್ಯಾಪಾರ ಮುಗಿದದ್ದಕ್ಕೆ ಕನ್ನಡಕ ತೆಗೆದು ಒರೆಸುತ್ತಾ ನಿಂತರು. ಭ್ರಮರಾಂಬ ಒಳಗೆ ಹೋಗಿ ಎಲೆ ಹಾಕಿ, ಪುಂಡಿ ಸೊಪ್ಪು ಬೇಳೆಯ ಗೋಂಗೂರ ಪಪ್ಪು, ಅನ್ನ, ತುಪ್ಪ ಬಡಿಸಿದರು.

ರಿಜಿಸ್ಟ್ರೇಷನ್ ಆಯಿತು. ಲಾರಿ ಹತ್ತುವ ಮುಂಚೆ ಭ್ರಮರಾಂಬ ಬೀಗದ ಕೈ ಕೊಟ್ಟು ಹೊಸ್ತಿಲನ್ನು ಒಮ್ಮೆ ಮುಟ್ಟಿದರು. ಪೋಶವ್ವ ಅವರ ಕೈ ಹಿಡಿದು, "ಹಬ್ಬಕ್ಕ ಬರ್ರಿ ಅಕ್ಕಾ. ಮನಿ ಮಾರೀರಿ, ಓಣಿ ಮಾರಿಲ್ಲಲ್ಲ," ಎಂದಳು.

ಆಮೇಲಿನ ವರ್ಷ ಪೋಶವ್ವನಿಗೆ ಸುಲಭದ್ದಾಗಿರಲಿಲ್ಲ. ಬೆಲೆ ಇನ್ನೂ ಕೆಳಗಿಳಿಯಿತು. ಇವಳ ಮನೆಯ ಎದುರಿಗೇ ಅಷ್ಟೇ ದೊಡ್ಡ ಮನೆ ಇನ್ನೂ ಕಡಿಮೆಗೆ ಹೋಯಿತು. "ಪೋಶವ್ವಾ, ಅವಸರ ಮಾಡಿದೆ ನೋಡು," ಎಂದು ರೊಟ್ಟಿಗೆ ಬಂದವರೆಲ್ಲ ಚುಚ್ಚುವವರೇ. ಐಲಯ್ಯನಂತೂ ಎದುರುಮನೆಯ ಬೆಲೆ ಕೇಳಿದ ದಿನ ಊಟ ಬಿಟ್ಟ.

"ಹೇಳಿದ್ದಿಲ್ಲೇನು ನಾನು? ತೌರಮನಿ ರೊಕ್ಕ ಅಂತ ನೀರಾಗ ಹಾಕಿದಿ."

"ಮಾರ್ಲಿಕ್ಕ ತಗೊಂಡೀನೇನು ನಾನು? ಮಲಗ್ಲಿಕ್ಕ ತಗೊಂಡೀನಿ. ನಿನ್ನೆ ರಾತ್ರಿ ನಿದ್ದಿ ಬಂತೋ ಇಲ್ಲೋ ನಿನಗ? ಗೊರಕಿ ಕೇಳಿ ನಾನೇ ಎದ್ದೆ. ಬೆಲಿ ಇಳೀತು ಅಂತ ಗೊರಕಿ ಇಳೀತೇನು?"

ನಾನು ಅಲ್ಲೇ ರೊಟ್ಟಿಗಾಗಿ ನಿಂತಿದ್ದೆ. ಐಲಯ್ಯ ನನ್ನ ಮುಖ ನೋಡಿ ನಕ್ಕುಬಿಟ್ಟ. ಆದರೆ ಅವನು ಆಟೋ ತೆಗೆದುಕೊಂಡು ಹೋದಮೇಲೆ ಪೋಶವ್ವ ಮೆಲ್ಲಗೆ ಕೇಳಿದಳು, "ಮೇಡಂ, ನಿಜ ಹೇಳ್ರಿ, ತಪ್ಪ ಮಾಡಿದೆನೇನು?" ಬೆಲೆ ಮುಂದೆ ಏರೀತೋ ಇಳಿದೀತೋ, ಆಗ ಯಾರಿಗೂ ಗೊತ್ತಿರಲಿಲ್ಲ.

ಭ್ರಮರಾಂಬ ತೆನಾಲಿಯಿಂದ ಆಗಾಗ ಫೋನು ಮಾಡುತ್ತಿದ್ದರು. ಮಲ್ಲಿಗೆ ಹೂಬಿಟ್ಟಿತೇ, ಮುನ್ಸಿಪಾಲ್ಟಿ ನೀರು ಎಷ್ಟು ಹೊತ್ತಿಗೆ ಬರುತ್ತೆ ಎಂದು ವಿಚಾರಿಸುವರು. ಗಂಡನ ಅಣ್ಣನ ಮನೆಯ ಪಕ್ಕದಲ್ಲೇ ಬಾಡಿಗೆ ಹಿಡಿದಿದ್ದರಂತೆ. ಎಲ್ಲ ಚೆನ್ನಾಗಿದೆ ಎನ್ನುವರು. ಒಮ್ಮೆ ಮಾತ್ರ ಬಾಯಿ ಬಿಟ್ಟರು: "ಇವರು ಇಲ್ಲೂ ಮಲಗಲ್ಲ ಪೋಶಮ್ಮಾ. ಊರಲ್ಲಿ ಎಲ್ಲರೂ ಇವರನ್ನ 'ಹೈದರಾಬಾದಿನವನು' ಅಂತಾರೆ. ಇರಾನಿ ಚಹಾ ಸಿಗಲ್ಲ ಅಂತ ಮಗು ಥರ ಮುನಿಸ್ಕೋತಾರೆ."

ರಾಜ್ಯ ಎರಡಾಯಿತು. ಹೆದರಿದ್ದ ಯಾವುದೂ ಆಗಲಿಲ್ಲ. ಹಾಲಿನವನು ಹಾಲು ಹಾಕಿದ, ಸಿಟಿ ಬಸ್ಸು ಎಂದಿನಂತೆ ತಡವಾಗಿ ಬಂತು. ಸ್ವಲ್ಪ ದಿನಕ್ಕೆ ತುಕ್ಕು ಹಿಡಿದ ಕಂಬಿಗಳಿಗೆ ಮತ್ತೆ ಕಾಂಕ್ರೀಟು ಬಿತ್ತು. ನಮ್ಮ ಹತ್ತಿರದ ಮುಖ್ಯರಸ್ತೆಗೆ ಮೆಟ್ರೊ ಬರುತ್ತದೆಂದು ಸುದ್ದಿ ಹಬ್ಬಿದ ಮೇಲಂತೂ ಬ್ರೋಕರುಗಳಿಗೆ ಕೇರಂ ಆಡಲು ಪುರುಸೊತ್ತೇ ಇಲ್ಲ. ಪೋಶವ್ವನ ಮನೆಯ ಬೆಲೆ ಎರಡರಷ್ಟಾಯಿತು, ಬಳಿಕ ಮೂರರಷ್ಟಾಯಿತು. ಐಲಯ್ಯ ಆಟೋ ಹತ್ತಿದವರಿಗೆಲ್ಲ "ಬೆಲಿ ಬಿದ್ದಾಗ ತಗೋಬೇಕ್ರೀ, ನಾ ಆಗ್ಲೇ ಹೇಳಿದ್ದೆ" ಎಂದು ಪಾಠ ಹೇಳತೊಡಗಿದ. ಪೋಶವ್ವ ಹಣೆ ಚಚ್ಚಿಕೊಂಡು ನಕ್ಕಳು.

ಬೆಲೆ ಮೂರರಷ್ಟಾದ ವರ್ಷವೇ ಒಂದು ಬೆಳಗ್ಗೆ ರಾಯರೂ ಭ್ರಮರಾಂಬರೂ ಒಂದು ಕೈಚೀಲ ಹಿಡಿದು ಗೇಟಿನ ಮುಂದೆ ನಿಂತಿದ್ದರು. ಮದುವೆಯೊಂದಕ್ಕೆ ಬಂದವರು ಹಾಗೇ ನೋಡಿಕೊಂಡು ಹೋಗೋಣವೆಂದು ಬಂದೆವು ಎಂದರು. ಭ್ರಮರಾಂಬ ಒಳಗೆ ಬಂದವರೇ ತಮಗರಿವಿಲ್ಲದೆ ಅಡುಗೆಮನೆಗೆ ನಡೆದು, ಒಲೆಯ ಪಕ್ಕದ ಗೂಡಿನಲ್ಲಿ ತಾವಿಡುತ್ತಿದ್ದ ಉಪ್ಪಿನ ಡಬ್ಬಿಗಾಗಿ ಕೈಚಾಚಿದರು. ಅಲ್ಲಿ ಬೆಂಕಿಪೊಟ್ಟಣವಿತ್ತು. ಕೈ ಗಾಳಿಯಲ್ಲೇ ನಿಂತಿತು. ಅವರು ಗೋಡೆ ಕಡೆ ಮುಖ ಮಾಡಿ ಅತ್ತರು.

ಊಟದ ಮೇಲೆ ರಾಯರು ತಡವರಿಸುತ್ತಾ ಕೇಳಿದರು, "ಪೋಶಮ್ಮಾ, ಮನೆ ನಮಗೇ ವಾಪಸ್ ಕೊಡ್ತೀಯಾ? ನೀನು ಕೊಟ್ಟದ್ದರ ಮೇಲೆ ಒಂದಿಷ್ಟು ಹಾಕಿಕೊಡ್ತೀನಿ. ಈಗಿನ ಬೆಲೆ ಕೊಡೋ ಶಕ್ತಿ ನನಗಿಲ್ಲ."

ಇದನ್ನೆಲ್ಲ ಪೋಶವ್ವ ಆಮೇಲೆ ನನಗೆ ಹೇಳಿದ್ದು. ತಟ್ಟೆಗಳನ್ನು ಒಟ್ಟಿ ಪಕ್ಕಕ್ಕಿಟ್ಟು ಅಂದಳಂತೆ, "ಸಾರ್, ಬೈಕೋಬ್ಯಾಡ್ರಿ. ಮನಿ ಕೊಡಲ್ಲ. ನನ್ನ ಜೀವನದಾಗ ಯಾರೂ ಖಾಲಿ ಮಾಡು ಅನ್ನದ ಜಾಗ ಇದೊಂದೇ."

ರಾಯರು ತಲೆ ತಗ್ಗಿಸಿ, "ತಪ್ಪಾಯ್ತಮ್ಮ, ಕೇಳಬಾರದಿತ್ತು," ಎಂದು ಎದ್ದರು.

"ಕೂಡ್ರಿ ಸಾರ್, ಮಾತು ಮುಗಿದಿಲ್ಲ. ಮ್ಯಾಲ ಎರಡು ರೂಮು ಕಟ್ಟಿಸ್ಬೇಕಂತ ಮಾಡೀನಿ. ಯಾರಿಗರ ಬಾಡಿಗಿ ಕೊಡೋದೇ. ಬರೋರು ಮಲ್ಲಿಗಿಗೆ ನೀರು ಹಾಕೋರಿರ್ಬೇಕು. ನನಗ ಒಲಿ ಮುಂದ ಕೂತು ಪುರುಸೊತ್ತಿಲ್ಲ."

ಐಲಯ್ಯ ಬಾಡಿಗೆಯ ಲೆಕ್ಕ ಹಾಕುತ್ತಿದ್ದವನು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ, "ಹೌದ್ರಿ, ಗಿಡಾನೂ ಒಣಗ್ಲಿಕ್ಹತ್ಯದ," ಎಂದುಬಿಟ್ಟ.

ಮೇಲೆ ಕೋಣೆಗಳೆದ್ದವು. ರಾಯರು ಬಂದರು. ಬಾಡಿಗೆ ಓಣಿಯ ಬೇರೆ ಮನೆಗಳಿಗಿಂತ ಕಡಿಮೆ, ಪುಕ್ಕಟೆಯಂತೂ ಅಲ್ಲ. ಪುಕ್ಕಟೆ ಎಂದರೆ ರಾಯರು ಬರುವವರೇ ಅಲ್ಲ ಎಂಬುದು ಪೋಶವ್ವನಿಗೆ ಗೊತ್ತಿತ್ತು. ಹೆಂಗಸರಿಬ್ಬರಿಗೂ ನೀರಿನ ಮೋಟಾರಿನ ವಿಷಯಕ್ಕೆ ಜಗಳ ಬೀಳುತ್ತದೆ. ಒಂದು ದಿನ ಮಾತು ಬಿಡುತ್ತಾರೆ, ಮರುದಿನ ಗೋಂಗೂರ ಚಟ್ನಿಯ ಬಟ್ಟಲು ಮೆಟ್ಟಿಲಿಳಿದು ಬರುತ್ತದೆ. ರಾಯರು ಬೆಳಗಾದರೆ ಐಲಯ್ಯನ ಆಟೋದಲ್ಲೇ ಚಹಾ ಕುಡಿಯಲು ಹೋಗುತ್ತಾರೆ.

ಅವರು ಬಂದ ಮೊದಲ ವರ್ಷ, ತನ್ನ ಸೀಮೆಯ ಹೂವಿನ ಹಬ್ಬವಾದ ಬತುಕಮ್ಮಕ್ಕೆ, ಪೋಶವ್ವ ಅಂಗಳದಲ್ಲಿ ಹಳದಿ ತಂಗಡಿ ಹೂವಿನ ಗೋಪುರ ಕಟ್ಟಿದ್ದಳು. ಓಣಿಯ ಹೆಂಗಸರೆಲ್ಲ ಸುತ್ತುಗಟ್ಟಿ ಚಪ್ಪಾಳೆ ಹಾಕುತ್ತಾ ಹಾಡುತ್ತಿದ್ದೆವು. ಭ್ರಮರಾಂಬ ಮೇಲಿನ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದರು.

"ಅಕ್ಕಾ, ಇಳೀರಿ!" ಎಂದು ಪೋಶವ್ವ ಕೂಗಿದಳು.

"ನನಗೆ ಹಾಡು ಬರಲ್ಲ ಕಣೇ, ಹೆಜ್ಜೆನೂ ಬರಲ್ಲ."

"ಇಲ್ಲಿ ಯಾರಿಗ ಬರ್ತದ ಅಂತ ತಿಳಿದೀರಿ? ಕೈ ಬಡೀರಿ ಸಾಕು!"

ಭ್ರಮರಾಂಬ ಸೆರಗು ಸಿಕ್ಕಿಸಿ ಇಳಿದು ಬಂದು ನನಗೂ ಪೋಶವ್ವನಿಗೂ ನಡುವೆ ನಿಂತರು. ಒಂದು ಸುತ್ತು ಚಪ್ಪಾಳೆ ಪೂರಾ ತಪ್ಪಿತು. ಪೋಶವ್ವ ನಗು ತಡೆಯಲಾರದೆ ಅವರ ಹೆಗಲಿಗೆ ಒರಗಿದಳು, ಅವರೂ ನಕ್ಕರು, ಸುತ್ತು ಮುಂದಕ್ಕೆ ಸಾಗಿತು.