ಪದ್ಮಕ್ಕನ ಸೈಕಾಸ್ ಮರಿ

ಪದ್ಮಕ್ಕ, ನಿಮ್ಮ ಸೈಕಾಸ್ ಗಿಡವನ್ನು ಕೊಂದದ್ದು ನಾನು. ನಿಮ್ಮ ಕೈಯಲ್ಲ, ನೀವು ಹೊಯ್ದ ನೀರಲ್ಲ — ನಾನು. ಹದಿನೈದು ವರ್ಷ ಮುಚ್ಚಿಟ್ಟ ಮಾತು ಇವತ್ತು ತಾನಾಗಿ ಹೊರಬೀಳುತ್ತಿದೆ, ಏಕೆಂದರೆ ಬೆಳಿಗ್ಗೆ ನನ್ನ ಹಿತ್ತಿಲಲ್ಲಿ — ಇರಿ, ಮೊದಲಿನಿಂದ ಹೇಳುತ್ತೇನೆ.

ಆಗ ನಾವಿಬ್ಬರೂ ವೆಸ್ಟ್ ಮಾಂಬಲಂನ ಒಂದೇ ವಠಾರದಲ್ಲಿದ್ದೆವು. ನಿಮ್ಮ ಯಜಮಾನರು ಹೋಟೆಲಿಗೆ ಹೋದ ಮೇಲೆ ನೀವು ಸೆರಗು ಸಿಕ್ಕಿಸಿಕೊಂಡು ಬಾವಿಕಟ್ಟೆಯ ಪಕ್ಕದ ಆ ಗಿಡದ ಮುಂದೆ ಕೂರುತ್ತಿದ್ದಿರಿ. ಇದೇನು ಕುಳ್ಳ ಈಚಲೇ ಎಂದು ಕೇಳಿದ್ದಕ್ಕೆ, "ಈಚಲಿನ ಅಜ್ಜಿ ಮಾರಾಯ್ತಿ ಇದು, ಬಗ್ಗಿ ನಮಸ್ಕಾರ ಮಾಡು" ಎಂದಿರಿ. ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ್ದು ನೆನಪಾಯಿತು — ಭೂಮಿಯ ಮೇಲೆ ಹೂವೆಂಬುದೇ ಅರಳದಿದ್ದ ಕಾಲದಲ್ಲೂ ಈ ಜಾತಿ ಬೀಜ ಕಟ್ಟುತ್ತಿತ್ತಂತೆ! ವರ್ಷವಿಡೀ ಕಲ್ಲಿನಂತೆ ಕೂತಿದ್ದು, ಒಂದು ದಿನ ನೆತ್ತಿಯಿಂದ ಗರಿಗಳನ್ನೆಲ್ಲ ಒಟ್ಟಿಗೇ ಎಬ್ಬಿಸುತ್ತಿತ್ತು. ಎಳೆಯೆಳೆಯೂ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ. ಬುಡದಲ್ಲಿ ಈರುಳ್ಳಿಯಂಥ ಒಂದು ಮರಿ ಅಂಟಿಕೊಂಡಿತ್ತು. ನನಗೆ ಆಸೆಯಾಯಿತು.

ಕೇಳಿದ್ದರೆ ಕೊಡುತ್ತಿದ್ದಿರಿ. ಆದರೆ ಕದ್ದು ತಂದ ಗಿಡವೇ ಚೆನ್ನಾಗಿ ಹತ್ತುತ್ತದೆ ಎಂದು ನಮ್ಮ ವಠಾರದಲ್ಲಿ ನಂಬದವರು ಯಾರು? ನನ್ನ ಕ್ರೋಟನ್ ಕಡ್ಡಿ ಮುರಿದು ನೀವು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುವಾಗ ನಾನೂ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ. ಹಾಗೆಯೇ, ನೀವು ಮಧ್ಯಾಹ್ನ ಮಲಗಿದ್ದಾಗ, ಇಲ್ಲಿನವರ ಐಪ್ಪಸಿ ತಿಂಗಳ ಮಳೆ ಸ್ವಲ್ಪ ಬಿಟ್ಟ ಹೊತ್ತಿನಲ್ಲಿ, ಮರಿಯನ್ನು ತಿರುಚಿ ಕಿತ್ತೆ. ತಾಯಿಯ ಬುಡದಲ್ಲಿ ಹಸಿ ಗಾಯ — ಗೆಣಸು ಹೆಚ್ಚಿದ ಹಾಗೆ ಬೆಳ್ಳಗೆ. ಹೆದರಿ ಕೆಸರು ಬಳಿದು ಮುಚ್ಚಿದೆ. ಸೈಕಾಸ್ ಕ್ರೋಟನ್ ಅಲ್ಲ, ಬಿಸಿಲು ಕಾಲದಲ್ಲಿ ಕೊಯ್ದು ಗಾಯಕ್ಕೆ ಬೂದಿ ಹಚ್ಚಬೇಕು, ಒಣಗುವವರೆಗೆ ತಾಯಿಗೂ ಮರಿಗೂ ನೀರು ಸೋಕಬಾರದು — ಇದನ್ನೆಲ್ಲ ಆಮೇಲೆ ಕಲಿತೆ.

ಮತ್ತೆ ಮಳೆ ಹಿಡಿಯಿತು. ಗರಿಗಳು ಹಳದಿಯಾದವು, ಬುಡ ಮುಟ್ಟಿದರೆ ಮೆತ್ತಗೆ. ಮರಿಯೂ ಕೊಳೆತು ಮಣ್ಣಾಯಿತೆಂದು ನೀವಂದುಕೊಂಡಿರಿ. "ನೀರು ಹೊಯ್ದು ಹೊಯ್ದು ಕೊಂದ್ಲು. ಇವಳ ಕೈಯಲ್ಲಿ ಇನ್ನು ಹರಿವೆ ಸೊಪ್ಪೂ ಏಳುದಿಲ್ಲ" ಎಂದರು ನಿಮ್ಮ ಅತ್ತೆ. ಅದನ್ನೇ ನಂಬಿ ನೀವು ಮಣ್ಣು ಮುಟ್ಟುವುದನ್ನೇ ಬಿಟ್ಟಿರಿ. ಮಲ್ಲಿಗೆ, ತೊಂಡೆ ಎಲ್ಲವನ್ನೂ ಹಂಚಿಬಿಟ್ಟಿರಿ. ಅಷ್ಟರಲ್ಲಿ ನಾವು ಪೆರಂಬೂರಿಗೆ ಮನೆ ಬದಲಿಸಿದೆವು — ಅಡುಗೆಮನೆಯಲ್ಲಿ ಬಚ್ಚಿಟ್ಟಿದ್ದ ಆ ಮರಿಯೂ ಪಾತ್ರೆಯ ಮೂಟೆಯೊಳಗೆ ಬಂತು.

ಅಷ್ಟಕ್ಕೇ ನಿಂತಿದ್ದರೆ! ನಿಮ್ಮ ಮಗಳ ಮದುವೆಯಲ್ಲಿ, ಕುಡಿಕೆಗಳಿಗೆ ನವಧಾನ್ಯ ಬಿತ್ತುವ ಶಾಸ್ತ್ರದ ಹೊತ್ತಿಗೆ, ನೀವು ಹಿಂದೆ ಸರಿದು ನನ್ನನ್ನು ಮುಂದಕ್ಕೆ ತಳ್ಳಿದಿರಿ. "ನೀನೇ ಹಾಕು ಜಾನಕಿ. ನನ್ನ ಕೈಗುಣ ಆ ಗಿಡದೊಟ್ಟಿಗೇ ಹೋಯ್ತು. ಮಗಳ ಬಾಳಲ್ವಾ?"

ಹಾಕಿದೆ. ಮೊಳಕೆ ದಟ್ಟವಾಗಿ ಬಂತು. ನೀವು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡಿರಿ. ಆಗಲೂ ನಾನು —

ಇವತ್ತು ಬೆಳಿಗ್ಗೆ, ಪದ್ಮಕ್ಕ! ಕುಂಡದಲ್ಲಿ ಬೆಳೆದು ನಿಂತ ಆ ಮರಿಯ ನೆತ್ತಿಯಲ್ಲಿ ಎದ್ದಿರುವುದು ಎಲೆಯಲ್ಲ — ಕಂದು ಮಕಮಲ್ಲಿನ ಪುಟ್ಟ ಗರಿಗಳು, ಎಲೆಕೋಸಿನ ಹಾಗೆ ಒಂದನ್ನೊಂದು ಅಪ್ಪಿಕೊಂಡು! ಬೀಜ ಹೊರುವ ಗರಿಗಳು ಅವು, ಹೆಣ್ಣು ಗಿಡ! ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಬುಡದ ಮರಿಯೆಂದರೆ ಬೀಜದ ಮಗುವಲ್ಲ, ತಾಯಿಯದೇ ಮೈ. ಅಂದರೆ ಇದು ನಿಮ್ಮ ಗಿಡವೇ! ಓಡಿಹೋಗಿ ಹೇಳಬೇಕೆನಿಸಿದ್ದು ಜಗತ್ತಿನಲ್ಲಿ ನಿಮಗೊಬ್ಬರಿಗೇ. ಕಳ್ಳತನ ಹೇಳದೆ ಇದನ್ನು ಹೇಳುವುದು ಹೇಗೆ?

ಗಿಡ ಉಳಿದದ್ದರಿಂದ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಮಣ್ಣು ಮುಟ್ಟದೆ ನೀವು ಕಳೆದ ವರ್ಷಗಳನ್ನು ಯಾವ ಕುಂಡದಲ್ಲಿಟ್ಟು ಹಿಂದಿರುಗಿಸಲಿ?

ನಾಳೆ ಟ್ಯಾಕ್ಸಿ ಹಿಡಿದು ಕುಂಡದ ಸಮೇತ ಟಿ. ನಗರದ ನಿಮ್ಮ ಈಗಿನ ಮನೆಗೆ ಬರುತ್ತೇನೆ. ನಿಮ್ಮ ಅತ್ತೆಯ ಎದುರಿಗೇ ಎಲ್ಲವನ್ನೂ ಹೇಳುತ್ತೇನೆ. ಬೈಯಿರಿ, ಬಾಗಿಲು ಹಾಕಿಕೊಳ್ಳಿ. ಗಿಡವನ್ನು ಮಾತ್ರ ಒಳಗೆ ತೆಗೆದುಕೊಳ್ಳಿ. ಅದರ ಬುಡದಲ್ಲಿ ಮೂರು ಮರಿಗಳಿವೆ. ಒಂದನ್ನೂ ನಾನು ಮುಟ್ಟಿಲ್ಲ.