ಜಾಮೀನಿನ ಬಾಕು

ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ತಂದು ಕಲಿತವರಿಗೆ ಆಗಿನ ಬೇಸಿಗೆ ಸೂಟಿ ಹೇಗಿರುತ್ತಿತ್ತೆಂದು ನಾನು ವರ್ಣಿಸಬೇಕಾಗಿಲ್ಲ. ಮೊಣಕಾಲ ಮೇಲೆ ಒಂದು ಹಳೆಯ ಕಲೆ ಇದ್ದೇ ಇರುತ್ತದೆ, ಸವರಿಕೊಂಡರೆ ಎಲ್ಲ ನೆನಪಾಗುತ್ತದೆ. ಆದರೆ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಸೈಕಲ್ಲು ಸಿಗಲು ಚಿಲ್ಲರೆಯೊಂದೇ ಸಾಲುತ್ತಿರಲಿಲ್ಲ. ಒಬ್ಬರು ಓಡಿಸಬೇಕೆಂದರೆ ಇನ್ನೊಬ್ಬರು ಕೂತಿರಬೇಕಿತ್ತು. ಇದನ್ನು ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ, ನಾನೂ ನಗುತ್ತಲೇ ಹೇಳುತ್ತೇನೆ.

ಅಂಗಡಿ ಮಕ್ತುಂ ಕಾಕಾನದು. ಓಣಿಯ ಬಾಯಲ್ಲಿ ಬೇವಿನ ಗಿಡದ ಕೆಳಗೆ ತಗಡಿನ ಒಂದು ಗೂಡು. ಪಂಕ್ಚರ್ ಹಚ್ಚುವ ಸಲ್ಯೂಷನ್ನಿನ ವಾಸನೆ, ಸೀಮೆಎಣ್ಣೆಯ ವಾಸನೆ, ಊಟದ ಹೊತ್ತಾದರೆ ಕಾಕಾನ ಡಬ್ಬಿಯಿಂದೇಳುವ ಬಳ್ಳೊಳ್ಳಿ ಚಟ್ನಿಯ ವಾಸನೆ. ಆ ಮೂರೂ ಕೂಡಿದರೆ ನನಗೆ ಇವತ್ತಿಗೂ ಏಪ್ರಿಲ್ ತಿಂಗಳು. ಹುಡುಗರಿಗೆಂದೇ ಕಾಕಾ ಕೆಲವು ಸಣ್ಣ ಸೈಕಲ್ಲು ಇಟ್ಟಿದ್ದ. ಅದರಲ್ಲಿ ಕೆಂಪು ಬಣ್ಣದ್ದೊಂದಕ್ಕೆ ನಾವೆಲ್ಲ ಜೀವ ಬಿಡುತ್ತಿದ್ದೆವು.

ಸೈಕಲ್ಲು ಕೇಳಿದ ಕೂಡಲೆ ಕಾಕಾ ಮುಖ ನೋಡುತ್ತಿದ್ದ. "ಯಾರ ಮಗಳವಾ ನೀ?" ಗುರುತಿನವರ ಮಗಳಾದರೆ ಆಯಿತು, ಒಯ್ಯಬಹುದು. ಗುರುತಿಲ್ಲದವರಾದರೆ ಗುರುತಿನವರೊಬ್ಬರು ಜಾಮೀನು ಕೂಡಬೇಕು. ಬಾಯಿಮಾತಿನ ಜಾಮೀನಲ್ಲ ಮತ್ತೆ, ನಿಜವಾಗಿಯೂ ಕೂಡುವುದು. ಅಂಗಡಿಯ ಮುಂದೆ ಕಟ್ಟಿಗೆಯ ಒಂದು ಬಾಕು ಇತ್ತು, ಬೆಂಚಿನಂಥದು. ಸೈಕಲ್ಲು ತಿರುಗಿ ಬರುವ ತನಕ ಜಾಮೀನಾದವರು ಆ ಬಾಕಿನ ಮೇಲಿಂದ ಏಳುವಂತಿಲ್ಲ. ಸೈಕಲ್ಲು ಬಂದ ಮೇಲೆ ಕಾಕಾ ಗಾಲಿ ತಿರುವಿ ನೋಡಿ, ಬೆಲ್ ಬಾರಿಸಿ ನೋಡಿ, ಕಡೆಗೆ ಬಾಕಿನ ಕಡೆ ತಿರುಗಿ "ಬಂದ್ರು. ಏಳಿನ್ನ" ಎನ್ನುತ್ತಿದ್ದ. ಆ ಮಾತು ಬಿದ್ದರೆ ಮಾತ್ರ ಬಿಡುಗಡೆ.

ಆ ವರ್ಷ ಏಳನೇ ಇಯತ್ತೆ ಮುಗಿಸಿದ ನೀಲಿ ಸೂಟಿಗೆಂದು ನಮ್ಮ ಪಕ್ಕದ ಮನೆಯ ತನ್ನ ಚಿಗವ್ವನ ಹತ್ತಿರ ಬಂದಳು. ನನ್ನದೇ ವಯಸ್ಸು. ಅವರದು ಸುಳ್ಳ ಎಂಬ ಹಳ್ಳಿ, ಮನೆ ಮಾತ್ರ ಊರೊಳಗಲ್ಲ, ದೂರದ ಹೊಲದಲ್ಲಿ. ಹೈಸ್ಕೂಲಿಗೆ ಹೋಗಬೇಕೆಂದರೆ ಬಲು ನಡಿಗೆ. ಹೆಣ್ಣು ಹುಡುಗಿ ಅಷ್ಟು ದೂರ ಒಬ್ಬಳೇ ನಡೆದು ಹೋಗುವುದು ಬೇಡ, ಕಲಿತದ್ದು ಸಾಕು ಎಂದು ಅವಳ ಅಪ್ಪ ಫಕ್ಕೀರಪ್ಪ ಮಾತು ಮುಗಿಸಿದ್ದ. ಇವಳು ಅನ್ನ ಬಿಟ್ಟು ಕೂತಾಗ, ಸಮಾಧಾನಕ್ಕೆಂದು, "ಸೈಕಲ್ ಹೊಡ್ಯಾಕ ಕಲ್ತು ತೋರಿಸು, ಆಮ್ಯಾಲೆ ಸಾಲಿ ಮಾತು" ಎಂದಿದ್ದನಂತೆ. ಮನೆಯಲ್ಲಿ ಅವನದೊಂದು ಸೈಕಲ್ಲು ಇತ್ತು, ಆದರೆ ಇವಳ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಅವನು ಆಡಿ ಮರೆತಿರಬೇಕು. ನೀಲಿ ಮರೆಯಲಿಲ್ಲ.

"ಸುಮಿ, ನೀ ಜಾಮೀನು ಕೂಡ್ತಿ?" ಎಂದು ಕೇಳಿದ್ದು ಅವಳು ಬಂದ ಮರುದಿನವೇ.

"ಕೂತ್ರ ನನಗೇನು ಕೊಡ್ತಿ?" ಎಂದೆ ನಾನು. ಪುಕ್ಕಟೆ ಕೂಡುವ ಜಾತಿಯಲ್ಲ ನಾನು.

"ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ದಿನಾ."

ಹಾಗೆ ನಮ್ಮ ಕರಾರು ಆಯಿತು. ಅವಳು ಬೀಳುತ್ತಾ ಏಳುತ್ತಾ ಕಲಿಯುವುದು, ನಾನು ಬಾಕಿನ ಮೇಲೆ ಕೂತು ಮಾವಿನಕಾಯಿ ಚೀಪುವುದು. ಅವಳು ಮೊದಲ ಬಾರಿ ಬ್ರೇಕು ಹಿಡಿಯದೆ ಬೇವಿನ ಗಿಡಕ್ಕೇ ಹೋಗಿ ಗುದ್ದಿದಾಗ ಕಾಕಾ ಅವಳನ್ನು ಬಿಟ್ಟು ಗಿಡವನ್ನು ಸವರಿ ನೋಡಿದ. "ಇದು ನಮ್ಮಪ್ಪ ಹಚ್ಚಿದ ಗಿಡ ಬೇಟಿ, ಸ್ವಲ್ಪ ಸಂಭಾಳಿಸು" ಎಂದ. ನೀಲಿಗೆ ಅಳುವಿನಲ್ಲೂ ನಗು ಬಂತು. ಕಾಕಾನ ಕಟ್ಟಳೆ ಒಂದೇ: ನೀರಿನ ಟಾಕಿಯ ತನಕ ಹೋಗಬೇಕು, ಅಲ್ಲಿಂದ ತಿರುಗಬೇಕು, ಅದರಾಚೆ ಇಲ್ಲ.

ಸೂಟಿ ಮುಗಿಯುತ್ತ ಬಂತು. ಒಂದು ದಿನ ನೀಲಿ ಊಟ ಮುಗಿಸಿದ್ದೇ ಬಂದು ಕೆಂಪು ಸೈಕಲ್ಲು ಕೇಳಿದಳು. ಎಂದಿನಂತೆ ನಾನು ಕೂತೆ. ಅವಳು ಹೊರಟಳು. ಹೋಗುವ ಮುಂಚೆ ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡಿದ್ದಳು, ಅದು ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ತಾಸು ಮುಗಿಯಿತು. ನೀಲಿ ಬರಲಿಲ್ಲ. ಇನ್ನೊಂದು ತಾಸೂ ಹೋಯಿತು. ಕಾಕಾ ಟಾಕಿಯ ತನಕ ಹೋಗಿ ನೋಡಿ ಬಂದ. ಅಲ್ಲೆಲ್ಲೂ ಇಲ್ಲ. ಸೈಕಲ್ಲು ಕೇಳಲು ಬಂದ ಹುಡುಗರು, "ಕೆಂಪದು ಹೋತು ಬಿಡ್ರಿ ಕಾಕಾ. ಹಳ್ಳಿ ಹುಡುಗಿ, ಓಡಿಸ್ಕೊಂಡು ಊರು ಮುಟ್ಟಿರ್ತಾಳ" ಎಂದು ಆಡಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲಷ್ಟೇ ಅಲ್ಲ, ನೀಲಿಯ ಮೇಲೂ. ಅವಳು ಬರದಿದ್ದರೆ ಕಾಕಾ ಅವಳಿಗೆ ಇನ್ನೆಂದೂ ಸೈಕಲ್ಲು ಕೊಡುವುದಿಲ್ಲ. ಸೈಕಲ್ಲಿಲ್ಲದಿದ್ದರೆ ಅಪ್ಪನಿಗೆ ತೋರಿಸಲಾಗುವುದಿಲ್ಲ, ತೋರಿಸದಿದ್ದರೆ ಸಾಲಿಯಿಲ್ಲ. ಇಷ್ಟೂ ಅವಳಿಗೇ ಗೊತ್ತಿರುವ ಮಾತು. ಗೊತ್ತಿದ್ದೂ ಎಲ್ಲಿ ಹಾಳಾಗಿ ಹೋದಳು?

ಬಿಸಿಲು ಇಳಿಯಿತು. ಕಾಕಾ ತನ್ನ ಚಹಾದಲ್ಲಿ ಅರ್ಧ ನನಗೆ ಬಸಿದು ಕೊಟ್ಟ. ಕೊಡುತ್ತ ಮೆಲ್ಲಗೆ ಹೇಳಿದ, "ಬೇಟಿ, ನೀ ಮನಿಗಿ ಹೋಗು. ನಿನ್ನ ನಾ ಬಿಟ್ಟೇನಿ."

"ನಾ ಏಳೂದಿಲ್ರಿ."

"ಅರೆ, ನಾನ ಹೇಳಾಕತ್ತೇನಿ ಹೋಗು ಅಂತ."

"ಅಕಿ ಬಂದ ಮ್ಯಾಲೆ ಏಳ್ತೇನಿ, ಕಾಕಾ."

ನನ್ನ ಅವ್ವ ಹುಡುಕಿಕೊಂಡು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು, ಅಂದರೆ ಏಟು ಬೀಳುವ ಲಕ್ಷಣ. "ಏನ್ರಿ ಇದು, ಹುಡುಗೀನ ಹಿಡಿದು ಕುಂದರಿಸೀರಿ?" ಎಂದು ಕಾಕಾನನ್ನೇ ಕೇಳಿದಳು.

"ನಾ ಬಿಟ್ಟು ಬಹಳ ಹೊತ್ತಾತ್ರಿ ಅಕ್ಕಾರ. ಅಕೀನ ಏಳವಲ್ಲಳು."

ಅವ್ವ ನನ್ನ ರಟ್ಟೆ ಹಿಡಿದಳು. ನಾನು ಬಾಕನ್ನು ಹಿಡಿದುಕೊಂಡೆ. ನಾನೇನು ದೊಡ್ಡ ಧೈರ್ಯದ ಹುಡುಗಿಯಲ್ಲ, ಅವ್ವನ ಕಣ್ಣು ಕೆಂಪಾದರೆ ನಡುಗುವವಳೇ. ಆದರೆ ಒಂದು ಮಾತು ಮನಸ್ಸಿಗೆ ಗಟ್ಟಿಯಾಗಿ ಹೊಕ್ಕಿತ್ತು. ನಾನು ಎದ್ದೆನೆಂದರೆ ನೀಲಿ ಬರುವುದಿಲ್ಲ ಎಂದು ನಾನೇ ಒಪ್ಪಿದ ಹಾಗೆ. ಅವ್ವನಿಗೆ ಇದನ್ನು ಹೇಳಲು ಬರಲಿಲ್ಲ, ಅಳು ಮಾತ್ರ ಬಂತು. ಅವ್ವ ನನ್ನ ಮುಖ ನೋಡಿದಳು, ಕಾಕಾನ ಮುಖ ನೋಡಿದಳು. ಆಮೇಲೆ ರಟ್ಟೆ ಬಿಟ್ಟು ತಾನೂ ಬಾಕಿನ ತುದಿಗೆ ಕೂತಳು. ಏಟು ಬೀಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಉಳ್ಳಾಗಡ್ಡಿ ಚೀಲ ತುಂಬಿದ ಟೆಂಪೋ ಒಂದು ಓಣಿಯ ಬಾಯಲ್ಲಿ ನಿಂತಿತು. ಚೀಲಗಳ ಮೇಲೆ ಕೆಂಪು ಸೈಕಲ್ಲು, ಅದರ ಹ್ಯಾಂಡಲ್ ಹಿಡಿದುಕೊಂಡು ನೀಲಿ. ಪಕ್ಕದಲ್ಲಿ ರುಮಾಲಿನ ಫಕ್ಕೀರಪ್ಪ.

ಹುಡುಗಿ ಸುಳ್ಳದ ರಸ್ತೆ ಹಿಡಿದು ಹೊಲದ ಮನೆಯ ತನಕ ತುಳಿದುಕೊಂಡು ಹೋಗಿದ್ದಳು. ತೋರಿಸು ಅಂದಿದ್ದ ಅಪ್ಪ, ತೋರಿಸಲು ಹೋಗಿದ್ದಳು.

"ಅಂಗಳದಾಗ ಬಂದು ಗಂಟಿ ಬಾರಿಸಿದ್ಲ್ರಿ," ಎಂದು ಫಕ್ಕೀರಪ್ಪ ಕಾಕಾನ ಮುಂದೆ ಹೇಳಿಕೊಂಡ. "ನನಗ ಎದಿ ಧಸಕ್ ಅಂತು. ನೀರು ಕುಡಿ ಅಂದ್ರ ಕುಡಿವಲ್ಲಳು. ಅಲ್ಲೆ ಸುಮಿ ಕುಂತಾಳ, ಲಗೂ ಹೋಗಬೇಕು ಅಂತ ಒಂದ ಸವನ ಅಳಾಕ ಹತ್ತಿದ್ಲು. ಮತ್ತ ಅದೇ ರಸ್ತಾದಾಗ ಒಬ್ಬಾಕೀನ್ನ ಹೆಂಗ ಬಿಡ್ಲಿ? ಗಾಡಿ ಸಿಗೂತನಾ ಹೊತ್ತಾತ್ರಿ ಸಾಹೇಬ್ರ. ತಪ್ಪಾತು."

ಕಾಕಾ ಟೆಂಪೋದ ಹತ್ತಿರ ಹೋದ. ಸೈಕಲ್ಲನ್ನು ಇಳಿಸಿಕೊಂಡ, ಗಾಲಿ ತಿರುವಿದ, ಬೆಲ್ ಬಾರಿಸಿದ. ಆಮೇಲೆ ನೀಲಿಯ ಕಡೆ ತಿರುಗಿದ.

"ಟಾಕಿ ತನಾ ಅಂತ ಹೇಳಿದ್ನೆಲ್ಲ?"

"ಹೌದ್ರಿ ಕಾಕಾ."

"ಮತ್ತ?"

"ನಮ್ಮಪ್ಪ ಟಾಕಿ ತನಾ ಬಂದಿದ್ರ ನಾನೂ ಅಲ್ಲೇ ನಿಂದರ್ತಿದ್ದೆರಿ."

ಕಾಕಾನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಫಕ್ಕೀರಪ್ಪನನ್ನು ನೋಡಿದ. "ಈಗ ಸಾಲಿ ಮಾತು ಏನ್ರಿ?" ಫಕ್ಕೀರಪ್ಪ ರುಮಾಲು ತೆಗೆದು ತಲೆ ಕೆರೆದುಕೊಂಡ. "ಇನ್ನೇನು ಹೇಳೂದೈತ್ರಿ. ಹೊಡದ ತೋರಿಸಿ ಬಿಟ್ಟಾಳ. ಸಾಲಿಗೆ ಹಚ್ಚಬೇಕಾತು" ಎಂದ. ಆಗ ಕಾಕಾ ಬಾಕಿನ ಕಡೆ ತಿರುಗಿದ.

"ಬಂದ್ಲು ಬೇಟಿ. ಏಳಿನ್ನ."

ಏಳಲು ಹೋದರೆ ಕಾಲು ಜುಮ್ಮು ಹಿಡಿದಿತ್ತು. ನೀಲಿಯೇ ಕೈ ಕೊಟ್ಟು ಎಬ್ಬಿಸಿದಳು. ಅವಳ ಕೈಯಲ್ಲಿ ಉಳ್ಳಾಗಡ್ಡಿ ವಾಸನೆ ಇತ್ತು. ದಾರಿಯುದ್ದಕ್ಕೂ ಅವಳನ್ನು ಬೈದೆ, ಅವಳು ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಎಲ್ಲ ಬೈಗುಳವನ್ನೂ ಕೇಳಿಸಿಕೊಂಡಳು.

ಈಗ ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ವ್ಯವಹಾರ ಕಾನೂನು ಕಲಿಸುತ್ತೇನೆ. ಪುಸ್ತಕದ ಅರ್ಧ ಪಾಠವನ್ನು ಆ ಒಂದು ದಿನದಿಂದಲೇ ಹೇಳಿ ಮುಗಿಸಬಹುದು. ಬಾಡಿಗೆಗೆ ಪಡೆದ ವಸ್ತುವನ್ನು ಹೇಳಿದ ಮಿತಿ ಮೀರಿ ಬಳಸಿ ಹಾನಿ ಮಾಡಿದರೆ ಪಡೆದವರೇ ತುಂಬಿಕೊಡಬೇಕು, ಇದು ಟಾಕಿಯ ಪಾಠ. ಕೆಲವು ಪ್ರಸ್ತಾಪಗಳಿಗೆ ಬಾಯಲ್ಲಿ ಒಪ್ಪಿಗೆ ಹೇಳಬೇಕಾಗಿಲ್ಲ, ಕೇಳಿದ್ದನ್ನು ಮಾಡಿ ತೋರಿಸಿದರೆ ಅದೇ ಒಪ್ಪಿಗೆ, ಇದು ಫಕ್ಕೀರಪ್ಪನ ಪಾಠ. ಪ್ರತಿಫಲ ಎಷ್ಟೇ ಸಣ್ಣದಿರಲಿ ನಡೆಯುತ್ತದೆ ಎನ್ನುವಾಗ ನನ್ನ ಬಾಯಲ್ಲಿ ಮಾವಿನಕಾಯಿಯ ನೀರೂರುತ್ತದೆ.

ಜಾಮೀನಿನ ಪಾಠಕ್ಕೆ ಬಂದಾಗ ಮಾತ್ರ ಒಬ್ಬ ಹುಡುಗನಾದರೂ ಎದ್ದು ಕೇಳುತ್ತಾನೆ, "ಮೇಡಂ, ಯಾರೋ ತಪ್ಪಿಸ್ಕೊಂಡ್ರ ಇನ್ನೊಬ್ರು ಯಾಕ ಸಿಕ್ಕೊಬೇಕ್ರಿ?" ಪುಸ್ತಕದ ಉತ್ತರ ಹೇಳುತ್ತೇನೆ. ಅಪ್ರಾಪ್ತ ವಯಸ್ಕರ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ, ಅವರನ್ನು ಜಾಮೀನಿಗೂ ಹಿಡಿಯಲಾಗದು ಎಂದೂ ಹೇಳುತ್ತೇನೆ. ಹಾಗಾದರೆ ಕಾಕಾನ ಬಾಕಿನ ಮೇಲೆ ಕೂತ ನಮ್ಮ ಯಾರ ಜಾಮೀನಿಗೂ ಬೆಲೆ ಇರಲಿಲ್ಲ. ಪದವಿ ಓದುವಾಗ ಇದನ್ನು ಕಲಿತು, ದೊಡ್ಡ ತಪ್ಪು ಕಂಡುಹಿಡಿದವಳಂತೆ ಕಾಕಾನಿಗೆ ಹೇಳಲು ಹೋಗಿದ್ದೆ. ಅವನು ಟ್ಯೂಬಿಗೆ ಗಾಳಿ ಹಾಕುತ್ತಲೇ ಅಂದ, "ಗೊತ್ತೈತಿ ಬೇಟಿ. ಹುಡುಗರ ಕಡಿಂದ ನಾ ಏನು ವಸೂಲು ಮಾಡ್ಲಿ? ತನ್ನ ಸಲುವಾಗಿ ಯಾರೋ ಕುಂತಾರ ಅಂತ ಹೋದವರಿಗೆ ನೆನಪಿರಲಿ ಅಂತ ಅಷ್ಟ."

ಕಾಕಾ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಅವನ ಅಪ್ಪ ಹಚ್ಚಿದ ಬೇವಿನ ಗಿಡ ಹೋಯಿತು, ಅಂಗಡಿ ಹೋಯಿತು. ಅಲ್ಲೀಗ ಮೊಬೈಲಿನ ಕವರು ಮಾರುತ್ತಾರೆ. ನನ್ನ ಮಗಳು ಫೋನು ಹಿಡಿದು ತೋರಿಸಿ ಬಾಡಿಗೆ ಸೈಕಲ್ಲಿನ ಬೀಗ ತೆಗೆಯುತ್ತಾಳೆ. ಯಾರ ಮಗಳವಾ ನೀ ಎಂದು ಅವಳನ್ನು ಯಾರೂ ಕೇಳುವುದಿಲ್ಲ, ಅವಳು ತಿರುಗಿ ಬರುವ ತನಕ ಯಾರೂ ಕೂತಿರುವುದಿಲ್ಲ. ಅನುಕೂಲ ಇದೆ, ಇಲ್ಲವೆನ್ನುವುದಿಲ್ಲ. ಆದರೂ ಅವಳು ಸೈಕಲ್ಲು ಹತ್ತಿದಾಗ ನನಗೆ ಸುಮ್ಮನೆ ಎಲ್ಲಾದರೂ ಕೂಡಬೇಕೆನಿಸುತ್ತದೆ, ಕೂಡಲು ಆ ಬಾಕು ಇಲ್ಲ.

ಹೋದ ವರ್ಷ ನನಗೆ ಒಂದು ಆಪರೇಷನ್ ಆಯಿತು. ದೊಡ್ಡದೇ. ನೀಲಿ ಈಗ ಹೆಬ್ಬಳ್ಳಿ ಕಡೆಯ ಒಂದು ಸಾಲಿಯಲ್ಲಿ ಟೀಚರ್, ರಜೆ ಹಾಕಿ ಬಂದಿದ್ದಳು. ನನ್ನನ್ನು ಒಳಗೆ ಒಯ್ದ ಮೇಲೆ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತವಳು ಚಹಾಕ್ಕೂ ಏಳಲಿಲ್ಲವಂತೆ. ನಾನಿರ್ತೇನಿ, ನೀವೊಂಚೂರು ಅಡ್ಡಾಡಿ ಬರ್ರಿ ಎಂದು ನನ್ನ ಗಂಡ ಹೇಳಿದರೂ ಕೇಳಲಿಲ್ಲವಂತೆ. ನನಗೆ ಎಚ್ಚರವಾಗಿ ಕಣ್ಣು ಬಿಟ್ಟಾಗ ಮಂಚದ ಹತ್ತಿರ ಅವಳ ಮುಖ ಕಂಡಿತು. ನನ್ನ ಹಣೆಯ ಮೇಲೆ ಕೈ ಇಟ್ಟಳು, ಕಣ್ಣೊರೆಸಿಕೊಂಡಳು. ಆಮೇಲೆ ನನಗಲ್ಲ, ತನಗೇ ಎಂಬಂತೆ ಹೇಳಿಕೊಂಡಳು.

"ಬಂದ್ಲು. ಏಳ್ತೇನಿನ್ನ."